ಬಿಟ್ಟು ಬಂದವರು ಬರೆದದ್ದನ್ನು ನಂಬಬಹುದಾ?

ನನಗೆ ಜೀವನಚರಿತ್ರೆಗಳ ಹುಚ್ಚು ಸ್ವಲ್ಪ ಜಾಸ್ತಿ. ಹಾಗಾಗಿ ಈ ಪ್ರಶ್ನೆ ಆಗಾಗ ಎದುರಾಗುತ್ತದೆ: ತಮ್ಮ ಧರ್ಮ ಬಿಟ್ಟವರು ಅದೇ ಧರ್ಮದ ಗುರುವಿನ ಬಗ್ಗೆ ಬರೆದರೆ ನಂಬೋದು ಹೇಗೆ? ಸಿಟ್ಟು ತೀರಿಸಿಕೊಂಡಿರಲ್ವಾ?

ನಾನು ಫಾನ್ ಬ್ರೋಡಿ ಹೆಸರು ಹೇಳುತ್ತೇನೆ. 1915ರಲ್ಲಿ ಅಮೆರಿಕದ ಯೂಟಾದಲ್ಲಿ ಹುಟ್ಟಿದವರು. ಅಪ್ಪಟ ಮಾರ್ಮನ್ ಮನೆತನ, ಅಂದರೆ ಅಮೆರಿಕದಲ್ಲೇ ಹುಟ್ಟಿದ ಒಂದು ಕ್ರೈಸ್ತ ಪಂಥದವರು. ತಾಯಿಯ ತಂದೆ ಮಾರ್ಮನ್ನರ ಬ್ರಿಗಂ ಯಂಗ್ ವಿಶ್ವವಿದ್ಯಾಲಯದ ಅಧ್ಯಕ್ಷರಾಗಿದ್ದರು. ದೊಡ್ಡಪ್ಪ ಡೇವಿಡ್ ಮೆಕೇ 1951ರಲ್ಲಿ ಇಡೀ ಚರ್ಚಿಗೇ ಅಧ್ಯಕ್ಷರಾದರು. ಇಂಥ ಮನೆಯ ಮಗಳು 1945ರಲ್ಲಿ ಆ ಪಂಥ ಕಟ್ಟಿದ ಜೋಸೆಫ್ ಸ್ಮಿತ್‌ನ ಜೀವನಚರಿತ್ರೆ ಬರೆದರು. ದೇವದೂತ ತೋರಿಸಿದ ಚಿನ್ನದ ತಗಡುಗಳಿಂದ ತನ್ನ ಪಂಥದ ಧರ್ಮಗ್ರಂಥವನ್ನು ಅನುವಾದಿಸಿದೆ ಅಂತ ಸ್ಮಿತ್ ಹೇಳಿದ್ದ. ಅಲ್ಲ, ಅದು ಆತನ ಕಲ್ಪನೆಯಿಂದಲೇ ಬಂದದ್ದು ಎಂದರು ಬ್ರೋಡಿ. ಮರುವರ್ಷ ಚರ್ಚ್ ಬಹಿಷ್ಕಾರ ಹಾಕಿತು.

ಆದರೆ ಪುಸ್ತಕ ಓದಿ ನೋಡಿ. ಬೈಗುಳ ಹುಡುಕಿದರೆ ನಿರಾಸೆಯಾಗುತ್ತದೆ. ಕಥೆ ಹೇಳುವ ಸ್ಮಿತ್‌ನ ಶಕ್ತಿಗೆ ಬ್ರೋಡಿ ಮಾರುಹೋದಂತೆಯೇ ಕಾಣುತ್ತದೆ. ದೊಡ್ಡವರು ಯಾವುದನ್ನು ಮುಚ್ಚಿಡುತ್ತಾರೆ, ಮನೆಯವರು ಹೇಗೆ ಅದನ್ನು ಕಾಪಾಡುತ್ತಾರೆ ಅನ್ನುವುದು ಅವರಿಗೆ ಗೊತ್ತಿತ್ತು. ಬೆಳೆದದ್ದೇ ಅಂಥ ಮನೆಯಲ್ಲಿ.

1974ರಲ್ಲಿ ಅಮೆರಿಕದ ಮೂರನೇ ಅಧ್ಯಕ್ಷ ಥಾಮಸ್ ಜೆಫರ್ಸನ್ ಬಗ್ಗೆ ಬರೆದಾಗ ಇದೇ ಕಣ್ಣು ಕೆಲಸಕ್ಕೆ ಬಂತು. ಜೆಫರ್ಸನ್‌ಗೂ ಅವರ ಗುಲಾಮಳಾಗಿದ್ದ ಸ್ಯಾಲಿ ಹೆಮಿಂಗ್ಸ್‌ಗೂ ಮಕ್ಕಳಿದ್ದರು ಎಂದು ಬ್ರೋಡಿ ವಾದಿಸಿದರು. ಸ್ಯಾಲಿ ಬಸಿರಾದಾಗಲೆಲ್ಲ ಜೆಫರ್ಸನ್ ಆಕೆ ಇದ್ದ ಕಡೆಯೇ ಇದ್ದರು ಎಂದು ತಾರೀಕು ಹಿಡಿದು ತೋರಿಸಿದರು. ಹೆಸರಾಂತ ಜೆಫರ್ಸನ್ ವಿದ್ವಾಂಸರು ಹರಿಹಾಯ್ದರು. 1998ರಲ್ಲಿ ಬಂದ ಡಿಎನ್‌ಎ ಫಲಿತಾಂಶ ಬ್ರೋಡಿಯವರ ಕಡೆಗೇ ವಾಲಿತು. ಅದನ್ನು ನೋಡಲು ಅವರಿರಲಿಲ್ಲ, 1981ರಲ್ಲೇ ತೀರಿಕೊಂಡಿದ್ದರು.

ಹಾಗಂತ ಅವರು ಬರೆದದ್ದೆಲ್ಲ ವೇದವಾಕ್ಯ ಅಲ್ಲ. ಆಲಿವರ್ ಬ್ಯೂಯೆಲ್ ಎಂಬಾತ ಸ್ಮಿತ್‌ನ ಮಗನೇ ಇರಬೇಕು ಎಂದು ಬರೆದಿದ್ದರು. ಅದಕ್ಕೆ ಅವರಿಗಿದ್ದ ದೊಡ್ಡ ಆಧಾರ ಒಂದು ಹಳೆಯ ಫೋಟೋ, ಅದರಲ್ಲಿನ ಮುಖಚಹರೆ. ನಮ್ಮ ಮನೆಗಳಲ್ಲಿ ತೊಟ್ಟಿಲು ಬಗ್ಗಿ ನೋಡಿ 'ಥೇಟ್ ಅಪ್ಪನ ಮೂಗು' ಅಂತಾರಲ್ಲ, ಹಾಗೆ. ಇಲ್ಲಿ ಡಿಎನ್‌ಎ ಅವರ ಮಾತು ಉಳಿಸಲಿಲ್ಲ. ಆಲಿವರ್ ಸ್ಮಿತ್‌ನ ಮಗ ಅಲ್ಲ ಎಂದಾಯಿತು.

ಸಿಟ್ಟಿನಿಂದ ಆದ ತಪ್ಪಲ್ಲ ಅದು. ಮುಖ ನೋಡಿ ಮೋಸಹೋದದ್ದು, ಅಷ್ಟೇ.