ಹೂಂ, ಕೇಳಸ್ತೈತಿ, ಹೇಳು

ವಿಜಯಪುರದಿಂದ ಬಂದು ಮೂರು ದಿನ ಆಯ್ತು. ಕಾಲುನೋವು ಹೋಗಿದೆ, ಆ ಅಜ್ಜಿಯ ಮಾತು ಹೋಗಿಲ್ಲ.

ಗೋಳಗುಮ್ಮಟಕ್ಕೆ ಬೆಳಿಗ್ಗೆ ಬೇಗ ಹೋಗು, ಶಾಲೆ ಮಕ್ಕಳ ಬಸ್ಸು ಬಂದಮೇಲೆ ಗದ್ದಲವೋ ಗದ್ದಲ ಅಂತ ಹೋಗಿಬಂದವರು ಹೇಳಿದ್ದರು. ಮೂಲೆಯ ಗೋಪುರದ ಇಕ್ಕಟ್ಟಾದ ಮೆಟ್ಟಿಲು ಹತ್ತಿ ಪಿಸುಮಾತಿನ ಗ್ಯಾಲರಿಗೆ ಬಂದರೆ, ನಾಲ್ಕೈದು ಕಾಲೇಜು ಹುಡುಗರು ಆಗಲೇ ಕಿರುಚುತ್ತಿದ್ದರು. ಒಬ್ಬನದು ಸಿಳ್ಳೆ, ಇನ್ನೊಬ್ಬನದು ಚಪ್ಪಾಳೆ. ಗುಮ್ಮಟ ಎಲ್ಲವನ್ನೂ ಮತ್ತೆ ಮತ್ತೆ ವಾಪಸ್ ಎಸೆಯುತ್ತಿತ್ತು. ನನಗೆ ಸಿಟ್ಟೇ ಬಂತು. ಒಳಗೆ ಅಡ್ಡಲಾಗಿ ಸುಮಾರು 38 ಮೀಟರ್ ಜಾಗ, ನಡುವೆ ಒಂದೂ ಕಂಬ ಇಲ್ಲ. ಈ ಕಡೆ ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದರೆ ಆ ಕಡೆ ಕೇಳುತ್ತದೆ. ಅಂಥ ಕಡೆ ಬಂದು ಅರಚುವುದು ಯಾಕೆ?

ಹುಡುಗರು ಇಳಿದು ಹೋದಮೇಲೆ ಆ ಇಬ್ಬರು ಕಾಣಿಸಿದರು. ಅಜ್ಜ ಧೋತರ, ಬಿಳಿ ಟೋಪಿ. ಅಜ್ಜಿ ಇಳಕಲ್ ಸೀರೆ. ಅಜ್ಜ ನಿಧಾನಕ್ಕೆ ಸುತ್ತು ಹಾಕಿ ಎದುರು ಬದಿಗೆ ಹೋಗಿ, ಟೋಪಿ ತೆಗೆದು, ಗೋಡೆಗೆ ಕಿವಿ ಆನಿಸಿ ನಿಂತರು. ಅಜ್ಜಿ ನನ್ನ ಪಕ್ಕದಲ್ಲೇ ಇದ್ದರು. ಸೆರಗು ಸರಿಮಾಡಿಕೊಂಡು ಗೋಡೆಗೆ ಬಗ್ಗಿ, ಮೆಲ್ಲಗೆ ಕೇಳಿದರು.

"ಕೇಳಸ್ತೈತೇನ್ರೀ?"

ಗೋಡೆಯಿಂದಲೇ ಉತ್ತರ ಬಂತು. "ಹೂಂ, ಕೇಳಸ್ತೈತಿ, ಹೇಳು."

ಅಜ್ಜಿ ಥಟ್ಟನೆ ಹಿಂದೆ ಸರಿದು ಆ ಗೋಡೆಯನ್ನೇ ನೋಡಿದರು. ಏನೂ ಹೇಳಲಿಲ್ಲ. ಆಮೇಲೆ ನನ್ನ ಕಡೆ ತಿರುಗಿದರು. "ಮನ್ಯಾಗ ಬಾಜೂಕ ಕುಂತು ಒದರಿದ್ರೂ ಇವರಿಗೆ ಕೇಳಸಂಗಿಲ್ರೀ. ಇಲ್ಲಿ ನೋಡ್ರಿ, ಅಷ್ಟು ದೂರದಿಂದ ಕೇಳಸ್ತು."

ಅಜ್ಜ ಇನ್ನೂ ಹಾಗೇ ನಿಂತಿದ್ದರು, ಕಿವಿ ಗೋಡೆಗೆ. ಅಜ್ಜಿ ಮತ್ತೆ ಬಗ್ಗಿದರು. ಅದು ನಾನು ಕೇಳಬೇಕಾದ ಮಾತಲ್ಲ ಅನಿಸಿತು. ಎದ್ದು ಹೊರಗಿನ ಬಿಸಿಲಿಗೆ ಹೋದೆ. ಮೇಲಿಂದ ಊರೆಲ್ಲ ಕಾಣುತ್ತಿತ್ತು.

ಅಲ್ಲಿಂದ ಇಡೀ ದಿನ ಪಶ್ಚಿಮಕ್ಕೆ ನಡೆದೆ. ಸುಮಾರು ಇನ್ನೂರು ವರ್ಷ ಆದಿಲ್‌ಶಾಹಿಗಳ ರಾಜಧಾನಿಯಾಗಿದ್ದ ಊರು, 1686ರಲ್ಲಿ ಔರಂಗಜೇಬನ ಪಾಲಾಯಿತು. ಜುಮ್ಮಾ ಮಸೀದಿ ನೋಡಿದೆ. ಬಾರಾ ಕಮಾನಿನ ಕಪ್ಪು ಕಮಾನುಗಳ ಕೆಳಗೆ ಸ್ವಲ್ಪ ಕೂತೆ. ಎರಡನೇ ಅಲಿ ಆದಿಲ್‌ಶಾಹನ ಗೋರಿ ಅದು, ಪೂರ್ತಿ ಆಗಲೇ ಇಲ್ಲ. ಎಲ್ಲಿ ಕೂತರೂ ಆ "ಹೇಳು" ಕಿವಿಯಲ್ಲೇ ಇತ್ತು. ಅದು ಗುಮ್ಮಟದ ಮಹಿಮೆ ಅಂತ ಅಜ್ಜಿಗೆ ಅನಿಸಿರಬಹುದು. ಆದರೆ ಅಜ್ಜ ಟೋಪಿ ತೆಗೆದಿದ್ದನ್ನು ನಾನು ನೋಡಿದ್ದೆ. ಕೇಳಬೇಕು ಅಂತಲೇ ನಿಂತಿದ್ದರು ಅವರು.

ನಮ್ಮ ಅಪ್ಪನಿಗೂ ಕಿವಿ ಮಂದ. ನಾವೂ ಒದರುತ್ತೇವೆ. "ಊಟ!" "ಮಾತ್ರೆ!" ಅಷ್ಟೇ. ಉದ್ದ ಮಾತೆಲ್ಲ ಮನೆಯಲ್ಲಿ ಯಾವಾಗಲೋ ನಿಂತುಹೋಗಿದೆ. ಯಾರೂ ಬೇಕಂತ ನಿಲ್ಲಿಸಿದ್ದಲ್ಲ. "ಹೇಳಪ್ಪ" ಅಂತ ನಾನು ಕಾದು ನಿಂತದ್ದು ಯಾವಾಗ? ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ.

ಶೆರ್ಜಾ ಬುರುಜಿನ ಮೇಲೆ ಮಲಿಕ್-ಎ-ಮೈದಾನ್ ತೋಪು ಇದೆ. 1549ರಲ್ಲಿ ಅಹ್ಮದ್‌ನಗರದಲ್ಲಿ ಎರಕ ಹೊಯ್ದದ್ದು, ತೂಕ ಸುಮಾರು 55 ಟನ್. ಅದರ ಬಾಯಿ ಒಂದು ಸಿಂಹದ ಮುಖ, ಹಲ್ಲುಗಳ ನಡುವೆ ಆನೆ ಸಿಕ್ಕಿಕೊಂಡಿದೆ. ಬೆರಳಿನಿಂದ ತಟ್ಟಿದರೆ ಗಂಟೆಯ ಹಾಗೆ ಸಣ್ಣಗೆ ದನಿ ಬರುತ್ತದೆ. ಹಾರಿಸುವಾಗ ಆ ಸದ್ದಿಗೆ ಕಿವಿ ಒಡೆಯಬಾರದು ಅಂತ, ಬತ್ತಿಗೆ ಬೆಂಕಿ ಇಟ್ಟವನು ಪಕ್ಕದ ನೀರಿನ ತೊಟ್ಟಿಯಲ್ಲಿ ಮುಳುಗಿ ಕೂರುತ್ತಿದ್ದನಂತೆ. ನಾನು ಅಲ್ಲಿ ಜಾಸ್ತಿ ಹೊತ್ತು ನಿಂತೆ. ಒಂದೇ ಊರಿನಲ್ಲಿ ಬೆಳಿಗ್ಗೆ ಆ ಪಿಸುಮಾತು, ಮಧ್ಯಾಹ್ನ ಈ ತೋಪು.

ಸಂಜೆ ಇಬ್ರಾಹಿಂ ರೋಜಾ. ನನಗೆ ಇಡೀ ಊರಿನಲ್ಲಿ ತುಂಬಾ ಇಷ್ಟವಾದ ದೊರೆ ಅಲ್ಲಿ ಮಲಗಿದ್ದಾನೆ. ಎರಡನೇ ಇಬ್ರಾಹಿಂ ಆದಿಲ್‌ಶಾಹ. ಸಂಗೀತದ ಹುಚ್ಚು ಎಷ್ಟಿತ್ತೆಂದರೆ ತನ್ನ ತಂಬೂರಿಗೆ ಮೋತಿ ಖಾನ್ ಅಂತ ಹೆಸರಿಟ್ಟಿದ್ದ. ಸರಸ್ವತಿಯನ್ನು ನೆನೆದು ದಖನಿಯಲ್ಲಿ ಹಾಡು ಬರೆದ. ಕಿವಿ ಇದ್ದ ದೊರೆ. ಅಲ್ಲಿ ಯಾರೂ ಕಿರುಚುತ್ತಿರಲಿಲ್ಲ.

ಮನೆಗೆ ಬಂದ ಮಾರನೇ ದಿನ ಅಪ್ಪನ ಬಲಗಡೆ, ಸ್ವಲ್ಪ ಕೇಳುವ ಕಿವಿಯ ಹತ್ತಿರ ಕುರ್ಚಿ ಎಳೆದುಕೊಂಡೆ. ಒದರಲಿಲ್ಲ. ನಿಧಾನವಾಗಿ ಇಡೀ ದಿನದ ಕಥೆ ಹೇಳಿದೆ. ಮೆಟ್ಟಿಲು, ಅಜ್ಜಿ, ತೋಪು, ತೊಟ್ಟಿ. ಕೆಲವು ಮಾತು ಎರಡೆರಡು ಸಲ ಹೇಳಬೇಕಾಯಿತು. ಟೀ ಆರಿಹೋಯಿತು. ಅಪ್ಪ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದು, ಆಮೇಲೆ ಕೇಳಿದರು.

"ಅಲ್ಲಮ್ಮ, ನೀರೊಳಗೆ ಮುಳುಗಿದವನಿಗೆ ಗುಂಡು ಹಾರಿದ್ದು ಹೇಗೆ ಗೊತ್ತಾಗ್ತಿತ್ತು?"

ನನಗೆ ಇದು ಹೊಳೆದೇ ಇರಲಿಲ್ಲ. ಕುರ್ಚಿಯನ್ನು ಇನ್ನೂ ಸ್ವಲ್ಪ ಹತ್ತಿರಕ್ಕೆ ಎಳೆದುಕೊಂಡೆ.