“ಮೋಟಿವೇಶನ್ ಎಲ್ಲಿಂದ ಬರುತ್ತೆ?” ಅಂತ ಕೇಳುವವರಿಗೆ

“ದಿನಾ ಬೆಳಿಗ್ಗೆ ಎದ್ದು ಓಡೋಕೆ ನಿಮಗೆ ಮೋಟಿವೇಶನ್ ಎಲ್ಲಿಂದ ಬರುತ್ತೆ?” ಮದುವೆ ಮನೆ ಊಟದ ಪಂಕ್ತಿಯಲ್ಲಿ, ಲಿಫ್ಟಿನಲ್ಲಿ, ಕ್ಷೌರದಂಗಡಿ ಬೆಂಚಿನ ಮೇಲೆ, ಎಲ್ಲ ಕಡೆ ಇದೇ ಪ್ರಶ್ನೆ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಒಂದು ಸಲ ಬರೆದಿಟ್ಟುಬಿಡುತ್ತೇನೆ.

ಬರೋದಿಲ್ಲ. ಎಲ್ಲಿಂದಲೂ ಬರೋದಿಲ್ಲ. ಬೆಳಗಿನ ಜಾವ ಗೇಟಿಗೆ ಸಿಕ್ಕಿಸಿ ಹೋಗುವ ಹಾಲಿನ ಪ್ಯಾಕೆಟ್ಟೇ ಅದು? ಪ್ರಶ್ನೆಯಲ್ಲೇ ಒಂದು ಕ್ಷಮಾಪಣೆ ಅಡಗಿದೆ ಗಮನಿಸಿ: “ನಿಮಗೆ ಅದೇನೋ ಬರುತ್ತೆ, ನನಗೆ ಬರಲ್ಲ, ಹಾಗಾಗಿ ನಾನು ಓಡದೇ ಇರೋದು ನನ್ನ ತಪ್ಪಲ್ಲ.” ಸರಿ, ನಿಮ್ಮ ತಪ್ಪಲ್ಲ, ಒಪ್ಪಿದೆ. ಆದರೆ ಕಾರಣ ನೀವು ಹೇಳಿದ್ದಲ್ಲ.

ಮೊದಲಿಗೆ ಆ ‘ದಿನಾ’ ತೆಗೆಯಿರಿ. ಓಟ ಹೊಸದಾಗಿ ಶುರು ಮಾಡುವವರು ದಿನಾ ಓಡಲೇಬಾರದು. ವಾರಕ್ಕೆ ಮೂರು ದಿನ, ನಡುವೆ ಕಡೇಪಕ್ಷ ಒಂದೊಂದು ದಿನ ಬಿಡುವು. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯೂ ದೊಡ್ಡವರಿಗೆ ಕೇಳುವುದು ವಾರಕ್ಕೆ 150ರಿಂದ 300 ನಿಮಿಷದ ಸಾಧಾರಣ ವ್ಯಾಯಾಮ, ಇಲ್ಲವೇ 75ರಿಂದ 150 ನಿಮಿಷದ ಬಿರುಸಿನ ವ್ಯಾಯಾಮ, ಜೊತೆಗೆ ಎರಡು ದಿನ ಸ್ನಾಯುಗಳಿಗೆ ಕೆಲಸ. ಇದರಲ್ಲಿ ‘ಬೆಳಿಗ್ಗೆ’ಯೂ ಇಲ್ಲ. ಏಳೂವರೆಗೆ ಮೂರು ಊಟದ ಡಬ್ಬಿ ಕಟ್ಟಿಕೊಡಬೇಕಾದ ಹೆಂಗಸಿಗೆ “ಐದಕ್ಕೆ ಎದ್ದು ಓಡಿ, ಮನಸ್ಸಿದ್ದರೆ ಮಾರ್ಗ” ಅನ್ನುವವರನ್ನು ಆ ಡಬ್ಬಿ ಕಟ್ಟೋಕೆ ಕೂರಿಸಬೇಕು. ಬೀದಿದೀಪ ಸರಿಯಾಗಿ ಉರಿಯದ ರಸ್ತೆಯಲ್ಲಿ ಒಬ್ಬಳೇ ಓಡಲು ಬೇಕಿರುವುದು ಮೋಟಿವೇಶನ್ ಅಲ್ಲ, ಬೆಳಕು.

ಈ ಪ್ರಶ್ನೆಯ ಬಾಲ ಹಿಡಿದು ಬರುವ ಇನ್ನೊಂದು, “ಮಂಡಿ ಸವೆಯಲ್ವಾ?” ಬೇಗ ಮುಗಿಸುತ್ತೇನೆ. 2017ರಲ್ಲಿ ಪ್ರಕಟವಾದ, ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯಲ್ಲಿ ಸೊಂಟ-ಮಂಡಿಗಳ ಕೀಲು ಸವೆಯುವ ಸಂಧಿವಾತ ಹವ್ಯಾಸಕ್ಕೆ ಓಡುವವರಲ್ಲಿ ಶೇ. 3.5, ಓಡದೆ ಕೂತವರಲ್ಲಿ ಶೇ. 10.2, ಸ್ಪರ್ಧೆಗಾಗಿ ಓಡುವವರಲ್ಲಿ ಶೇ. 13.3 ಕಂಡುಬಂತು. ಕೂತೇ ಸವೆಸಬಹುದು ಅಂತಾಯಿತು.

ಈಗ ನಿಜವಾದ ವಿಷಯ. ಜನವರಿ ಒಂದಕ್ಕೋ ಯುಗಾದಿಗೋ ಹೊಸ ಶೂ ಕೊಂಡು ಶುರು ಮಾಡಿದವರು ಬಿಡುವುದು ಸಾಮಾನ್ಯವಾಗಿ ಮೂರನೇ, ನಾಲ್ಕನೇ ವಾರ. “ಉತ್ಸಾಹ ಇಳೀತು” ಅನ್ನುತ್ತಾರೆ. ಕೆದಕಿ ಕೇಳಿದರೆ ಮುಂಗಾಲಿನ, ಅಂದರೆ ಮಂಡಿಯಿಂದ ಪಾದದವರೆಗಿನ ಕಾಲಿನ ಮುಂಭಾಗದ, ಮೂಳೆ ನೋಯುತ್ತಿರುತ್ತದೆ, ಇಲ್ಲವೇ ಹಿಮ್ಮಡಿ. ಉತ್ಸಾಹ ಇಳಿದದ್ದಲ್ಲ, ವೇಗ ಹೆಚ್ಚಾದದ್ದು.

ಲೆಕ್ಕ ಹೀಗಿದೆ. ಎರಡು-ಮೂರು ವಾರಕ್ಕೆ ಉಸಿರು ಹದಕ್ಕೆ ಬರುತ್ತದೆ. ಮೈಯಲ್ಲಿ ರಕ್ತದ ಪ್ಲಾಸ್ಮಾ, ಅಂದರೆ ಅದರ ದ್ರವಭಾಗ, ಹೆಚ್ಚಿ, ಹೃದಯ ಒಂದೊಂದು ಬಡಿತಕ್ಕೂ ಹೆಚ್ಚು ರಕ್ತ ದೂಡುತ್ತದೆ. “ಅರೆ, ಏದುಸಿರೇ ಇಲ್ಲ” ಅಂತ ಖುಷಿಯಾಗಿ ಜೋರಾಗಿ ಓಡುತ್ತೀರಿ. ಆದರೆ ಸ್ನಾಯುವನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜುಗಳಿಗೂ ಮೂಳೆಗೂ ಅಷ್ಟು ಆತುರವಿಲ್ಲ, ಅವಕ್ಕೆ ತಿಂಗಳುಗಳೇ ಬೇಕು. ಹೊಸ ಹೊರೆಗೆ ಹೊಂದಿಕೊಳ್ಳುವಾಗ ಮೂಳೆ ಮೊದಲು ಹಳೆಯದನ್ನು ಕರಗಿಸಿ ಆಮೇಲೆ ಹೊಸದನ್ನು ಕಟ್ಟುತ್ತದೆ, ಮನೆ ರಿಪೇರಿಗೆ ಗೋಡೆ ಒಡೆದ ಹಾಗೆ. ಗೋಡೆ ಒಡೆದಿರುವ ಹೊತ್ತಲ್ಲೇ ನೀವು ಮೇಲೆ ಮಹಡಿ ಎತ್ತಲು ಹೊರಟಿದ್ದೀರಿ. ನಿಧಾನ ಓಟದಲ್ಲೂ ಕಿಲೋಮೀಟರಿಗೆ ಸಾವಿರಕ್ಕೂ ಹೆಚ್ಚು ಹೆಜ್ಜೆ, ಒಂದೊಂದು ಹೆಜ್ಜೆಗೂ ಕಾಲಿನ ಮೇಲೆ ಮೈತೂಕದ ಎರಡು-ಎರಡೂವರೆ ಪಟ್ಟು ಭಾರ. ಎಪ್ಪತ್ತು ಕಿಲೋ ಮನುಷ್ಯ ಮೂರು ಕಿಲೋಮೀಟರಿನಲ್ಲಿ ನೂರೈವತ್ತು ಕಿಲೋ ಏಟನ್ನು ಮೂರು ಸಾವಿರಕ್ಕೂ ಹೆಚ್ಚು ಸಲ ತಿನ್ನುತ್ತಾನೆ.

ನೋವು ಬಂದಿದ್ದರೆ ಹೀಗೆ ನೋಡಿ. ಕುರ್ಚಿ ಮೇಲೆ ಕೂತು, ಮುಂಗಾಲಿನ ಒಳಬದಿಯ ಮೂಳೆಯಂಚನ್ನು ಹೆಬ್ಬೆರಳಿಂದ ಕೆಳಗಿನಿಂದ ಮೇಲಕ್ಕೆ ಒತ್ತುತ್ತಾ ಬನ್ನಿ. ನಾಲ್ಕು ಬೆರಳಗಲವೋ ಒಂದು ಗೇಣೋ ಉದ್ದಕ್ಕೂ ಮಂದವಾಗಿ ನೋಯುತ್ತಿದ್ದರೆ ಅದು ಶಿನ್ ಸ್ಪ್ಲಿಂಟ್, ಅಂದರೆ ಹೊರೆ ಹೆಚ್ಚಾಗಿ ಬರುವ ಮುಂಗಾಲಿನ ನೋವು, ಇರಬಹುದು. ಕೆಲವು ವಾರ ಓಟ ಕಡಿಮೆ ಮಾಡಿ ನಡೆದರೆ ಸಾಮಾನ್ಯವಾಗಿ ತಗ್ಗುತ್ತದೆ. ಬದಲಿಗೆ ನಾಣ್ಯದಷ್ಟು ಜಾಗ ಒತ್ತಿದಾಗ ಮಾತ್ರ “ಅಯ್ಯಪ್ಪಾ” ಅನ್ನಿಸಿ, ಆ ಕಾಲಲ್ಲಿ ಕುಂಟೋಬಿಲ್ಲೆ ಆಡಿದರೂ ಅಲ್ಲೇ ಚುಚ್ಚಿದರೆ, ರಾತ್ರಿ ಮಲಗಿದಾಗಲೂ ನೋಯುತ್ತಿದ್ದರೆ, ಓಟ ಪೂರ್ತಿ ನಿಲ್ಲಿಸಿ ಮೂಳೆ ಡಾಕ್ಟರ ಹತ್ತಿರ ಹೋಗಿ. ಮೂಳೆಯಲ್ಲಿ ಕೂದಲೆಳೆ ಬಿರುಕಿರಬಹುದು, ಮತ್ತು ಅದು ಮೊದಲ ಕೆಲವು ವಾರದ ಎಕ್ಸ್-ರೇಯಲ್ಲಿ ಕಾಣದೇ ಇರುವುದುಂಟು. ಅದರ ಮೇಲೆ ಓಡುವುದು ಛಲವಲ್ಲ, ಪೆದ್ದುತನ.

ಹಾಗಾದರೆ ಎಷ್ಟು ನಿಧಾನ? ಗಡಿಯಾರ ಬೇಡ, ಮಗ್ಗಿ ಸಾಕು. ಓಡುತ್ತಾ ಗಟ್ಟಿಯಾಗಿ ಹೇಳಿ: ಹದಿಮೂರೊಂದ್ಲ ಹದಿಮೂರು, ಹದಿಮೂರೆರಡ್ಲ ಇಪ್ಪತ್ತಾರು, ಹದಿಮೂರ್ಮೂರ್ಲ ಮೂವತ್ತೊಂಬತ್ತು. ಮಗ್ಗಿ ತಪ್ಪಿದರೆ ಚಿಂತೆಯಿಲ್ಲ, ಆದರೆ ‘ಇಪ್ಪತ್ತಾರು’ ಪದದ ನಡುವೆ ಉಸಿರು ಎಳೆದುಕೊಂಡರೆ ವೇಗ ಹೆಚ್ಚಾಗಿದೆ ಅಂತ ಅರ್ಥ. ಹೊಸಬರಿಗೆ ಈ ವೇಗ ಕಿಲೋಮೀಟರಿಗೆ ಎಂಟು, ಒಂಬತ್ತು ನಿಮಿಷ ಬಂದರೂ ಸರಿಯೇ. ವಾಕಿಂಗ್ ಬಂದ ಅಜ್ಜ ನಿಮ್ಮನ್ನು ಹಿಂದೆ ಹಾಕಿ ಹೋಗಬಹುದು. ಹೋಗಲಿ. ಇಲ್ಲಿ ಹೆಚ್ಚಿನವರನ್ನು ಸೋಲಿಸುವುದು ಕಾಲಲ್ಲ, ಮರ್ಯಾದೆ.

ಅದಕ್ಕೂ ಮುಂಚೆ ನಡಿಗೆ ಬೆರೆಸಿ ಶುರು ಮಾಡಬೇಕು. ಸೋಫಾದಲ್ಲಿ ಕೂತವರನ್ನು ಐದು ಕಿಲೋಮೀಟರ್ ಓಟಕ್ಕೆ ತರುವ, 1996ರಿಂದ ಬಳಕೆಯಲ್ಲಿರುವ ‘ಕೌಚ್ ಟು 5ಕೆ’ ಕ್ರಮದಲ್ಲಿ ಮೊದಲ ವಾರ ಐದು ನಿಮಿಷ ಚುರುಕು ನಡಿಗೆ, ಆಮೇಲೆ 60 ಸೆಕೆಂಡು ಓಟ, 90 ಸೆಕೆಂಡು ನಡಿಗೆ, ಹೀಗೆ ಇಪ್ಪತ್ತು ನಿಮಿಷ. ಕೂಡಿಸಿದರೆ ಓಟ ಎಂಟೇ ನಿಮಿಷ. ಇಷ್ಟೇನಾ ಅನ್ನಿಸಬೇಕು, ಅದೇ ಉದ್ದೇಶ. ಒಂಬತ್ತು ವಾರಕ್ಕೆ ನಡಿಗೆಯಿಲ್ಲದೆ ಅರ್ಧ ಗಂಟೆ ಓಡುವುದು ಗುರಿ. ಹನ್ನೆರಡು-ಹದಿನಾಲ್ಕು ವಾರ ಹಿಡಿದರೆ ಯಾರೂ ಟಿ.ಸಿ. ಕೊಟ್ಟು ಕಳಿಸುವುದಿಲ್ಲ, ಅದೇ ವಾರವನ್ನು ಇನ್ನೊಮ್ಮೆ ಮಾಡಿ. ಬಿಡುವಿನ ದಿನ ಮನೆ ಮುಂದಿನ ಮೆಟ್ಟಿಲ ಅಂಚಿನಲ್ಲಿ ಮುಂಪಾದ ಊರಿ ನಿಂತು, ಹಿಮ್ಮಡಿ ಎತ್ತಿ, ಮೂರು ಎಣಿಸುತ್ತಾ ಮೆಟ್ಟಿಲಿಗಿಂತ ಕೆಳಗೆ ಇಳಿಸಿ: ಹದಿನೈದು ಸಲ, ಮೂರು ಸುತ್ತು. ಮೀನಖಂಡ ಗಟ್ಟಿಯಾದಷ್ಟೂ ಮುಂಗಾಲಿಗೆ ಏಟು ಕಡಿಮೆ. ಮೈಸೂರಿನವರು ಇದರ ಬದಲು ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲಿಗೆ ಹೋಗಿಬಿಡುತ್ತಾರೆ. ಹತ್ತುವುದು ಒಳ್ಳೆಯದೇ. ತೊಡೆಯನ್ನು ಎರಡು ದಿನ ಕಂಬ ಮಾಡುವುದು ಇಳಿಯುವುದು, ಏಕೆಂದರೆ ಇಳಿಯುವಾಗ ತೊಡೆಯ ಸ್ನಾಯು ಹಿಗ್ಗುತ್ತಲೇ ಭಾರ ಹೊರಬೇಕು. ಮೊದಮೊದಲು ಹತ್ತಿಹೋಗಿ ಬಸ್ಸಿನಲ್ಲಿ ಇಳಿದುಬನ್ನಿ, ದೇವಿ ಏನೂ ಅಂದುಕೊಳ್ಳುವುದಿಲ್ಲ.

ಶೂ ಬಗ್ಗೆ ಎರಡೇ ಮಾತು. ಸಂಜೆ ಕೊಳ್ಳಿ, ಆಗ ಪಾದ ಊದಿರುತ್ತದೆ. ಉದ್ದದ ಬೆರಳಿನ ಮುಂದೆ ಹೆಬ್ಬೆರಳಗಲ ಜಾಗ ಬಿಡಿ, ಇಲ್ಲದಿದ್ದರೆ ಉಗುರು ಕಪ್ಪಾಗುತ್ತದೆ. ಬೀದಿನಾಯಿ ಅಟ್ಟಿಸಿಕೊಂಡು ಬಂದರೆ ಶೂ ಎಷ್ಟು ಸಾವಿರದ್ದಾದರೂ ಓಡಬೇಡಿ. ನಿಂತು, ಕಣ್ಣಿಗೆ ಕಣ್ಣು ಕೊಡದೆ, ನಿಧಾನಕ್ಕೆ ನಡೆದು ದಾಟಿ.

ತೂಕದ ಮೆಷಿನ್ನೂ ಮೂರನೇ ವಾರದ ಇನ್ನೊಬ್ಬ ಕೊಲೆಗಾರ. ಓಟಕ್ಕೆ ಖರ್ಚಾಗುವುದು ಸುಮಾರಾಗಿ ಕಿಲೋ ತೂಕಕ್ಕೆ, ಕಿಲೋಮೀಟರಿಗೆ ಒಂದು ಕ್ಯಾಲರಿ. ಎಪ್ಪತ್ತು ಕಿಲೋದವರು ಐದು ಕಿಲೋಮೀಟರ್ ಓಡಿದರೆ 350. ವಾಪಸು ಬರುವಾಗ ಒಂದು ಬೆಣ್ಣೆ ಮಸಾಲೆ ತಿಂದರೆ ಲೆಕ್ಕ ಚುಕ್ತಾ. ಮೇಲಾಗಿ ಶುರುವಿನಲ್ಲಿ ಸ್ನಾಯುಗಳು ಗ್ಲೈಕೋಜನ್ ಅನ್ನುವ ಸಕ್ಕರೆಯ ದಾಸ್ತಾನನ್ನೂ ಅದರ ಜೊತೆ ನೀರನ್ನೂ ಹಿಡಿದಿಟ್ಟುಕೊಳ್ಳುವುದರಿಂದ ಮುಳ್ಳು ಸ್ವಲ್ಪ ಮೇಲಕ್ಕೇ ಹೋಗಬಹುದು. ಎಂಟು ವಾರ ಮೆಷಿನ್ ಮಂಚದ ಕೆಳಗಿರಲಿ.

ನನ್ನನ್ನು ಯಾರೂ ಕೇಳದ, ಆದರೆ ಕೇಳಬೇಕಿದ್ದ ಪ್ರಶ್ನೆ ಒಂದಿದೆ: “ಬಿಟ್ಟುಹೋಗಿದೆ, ಮತ್ತೆ ಹೇಗೆ ಹಿಡಿಯೋದು?” ಬಿಡದೇ ಓಡುವವರು ಯಾರೂ ಇಲ್ಲ. ಮಳೆ, ಮದುವೆ, ಮಗುವಿನ ಪರೀಕ್ಷೆ, ಜ್ವರ, ಎಲ್ಲರಿಗೂ ಬರುತ್ತವೆ. ಆದರೆ ಕೇಳೋಕೆ ನಾಚಿಕೆ. ಪಕ್ಕದ ಮನೆಯವರು “ಏನ್ ಸರ್, ನಿಲ್ಲಿಸಿಬಿಟ್ರಾ?” ಅಂದಿರುತ್ತಾರಲ್ಲ.

‘21 ದಿನ ಮಾಡಿದರೆ ಅಭ್ಯಾಸ ಆಗುತ್ತೆ’ ಅನ್ನುವ ಮಾತು ಈ ನಾಚಿಕೆಗೆ ಗೊಬ್ಬರ. ಅದರ ಬೇರು 1960ರಲ್ಲಿ ಅಮೆರಿಕದ ಒಬ್ಬ ಪ್ಲಾಸ್ಟಿಕ್ ಸರ್ಜನ್ ಬರೆದದ್ದರಲ್ಲಿದೆ: ಬದಲಾದ ಮುಖಕ್ಕೆ ಒಗ್ಗಿಕೊಳ್ಳಲು ರೋಗಿಗಳಿಗೆ ಕನಿಷ್ಠ 21 ದಿನ ಬೇಕು ಅಂತ. ಮೂಗಿನ ಮಾತು ಕಾಲಿಗೆ ಬಂತು, ‘ಕನಿಷ್ಠ’ ಉದುರಿಹೋಯಿತು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು 96 ಜನರನ್ನು ಅಧ್ಯಯನ ಮಾಡಿ 2010ರಲ್ಲಿ ಪ್ರಕಟಿಸಿದ ಪ್ರಕಾರ, ಒಂದು ಕೆಲಸ ತಾನಾಗಿ ಆಗುವಂತಾಗಲು ಸರಾಸರಿ 66 ದಿನ ಬೇಕು. ಕೆಲವರಿಗೆ 18, ಕೆಲವರಿಗೆ 254. ನಡುವೆ ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳುವ ವ್ಯತ್ಯಾಸವೇ ಆಗಲಿಲ್ಲ.

ಮತ್ತೆ ಹಿಡಿಯುವ ಲೆಕ್ಕ ಇಷ್ಟು. ಒಂದು ವಾರ ತಪ್ಪಿದರೆ ಏನೂ ಹೋಗಿಲ್ಲ, ಬಿಟ್ಟಲ್ಲಿಂದಲೇ ಶುರು ಮಾಡಿ. ಎರಡರಿಂದ ನಾಲ್ಕು ವಾರವಾಗಿದ್ದರೆ ಮುಂಚೆ ಓಡುತ್ತಿದ್ದ ಹೊತ್ತಿನಲ್ಲಿ ಅರ್ಧ ಓಡಿ, ವಾರವಾರಕ್ಕೆ ಸ್ವಲ್ಪ ಏರಿಸಿ. ಎರಡು ತಿಂಗಳು ದಾಟಿದ್ದರೆ ಮತ್ತೆ 60 ಸೆಕೆಂಡು, 90 ಸೆಕೆಂಡು. ಈ ಸಲ ಒಂದೊಂದು ವಾರದ ಹಂತವನ್ನೂ ಬೇಗ ಬೇಗ ದಾಟುತ್ತೀರಿ. ಜ್ವರ ಬಂದಿದ್ದರೆ ಮಾತ್ರೆಯಿಲ್ಲದೆ ಜ್ವರ ಪೂರ್ತಿ ಬಿಟ್ಟು ಕೆಲವು ದಿನ ಕಳೆಯಲಿ, ಎರಡು ಮಹಡಿ ಹತ್ತಿ ನೋಡಿ. ಎದೆ ನೋವು, ಎಂದೂ ಇಲ್ಲದ ಏದುಸಿರು, ಎದೆ ಬಡಿತ ತಾಳ ತಪ್ಪಿದ ಹಾಗೆ ಅನ್ನಿಸಿದರೆ ಮೊದಲು ಡಾಕ್ಟರು, ಆಮೇಲೆ ಶೂ. ಚಿಕೂನ್‌ಗುನ್ಯ ಆಗಿದ್ದರೆ ಕೀಲಿನ ಊತ ಇಳಿಯುವ ತನಕ ನಡಿಗೆಯೇ.

ವಾಪಸು ಬರುವ ದಿನ ಮೊಬೈಲಿನಲ್ಲಿ ಹಳೆಯ ಟೈಮಿಂಗ್ ತೆಗೆದು ನೋಡಬೇಡಿ. ಕಿಲೋಮೀಟರ್ ಲೆಕ್ಕವೂ ಬೇಡ. ನಿಮಿಷದ ಲೆಕ್ಕದಲ್ಲಿ ಹತ್ತು ಹೋಗಿ, ಹತ್ತು ಬನ್ನಿ. ಎಂಟನೇ ನಿಮಿಷಕ್ಕೆ “ಚೆನ್ನಾಗಿದೀನಲ್ಲ, ಇನ್ನೊಂದು ಸುತ್ತು ಹೊಡೆಯಬಹುದು” ಅನ್ನಿಸುತ್ತೆ. ಹತ್ತಕ್ಕೆ ತಿರುಗಿಬಿಡಿ.