ಎಲೆ ಊಟಕ್ಕೊಂದು ಟೇಬಲ್: ಬಲಿಪಾಡ್ಯಮಿವರೆಗಿನ ಟಿಪ್ಪಣಿಗಳು

ಸೆಪ್ಟೆಂಬರ್ 14

ಈ ಸಲ ಬಲಿಪಾಡ್ಯಮಿ ಊಟ ಮೈಸೂರಿನ ನಮ್ಮ ಮನೆಯಲ್ಲಿ. ಒಟ್ಟು 13 ಜನ. ಪ್ರತಿ ವರ್ಷ ಹಾಲ್‌ನಲ್ಲಿ ಮಣೆ ಹಾಕಿ, ಎಲೆಯ ಸುತ್ತ ರಂಗೋಲಿ ಎಳೆದು, ಎಲ್ಲರೂ ನೆಲಕ್ಕೇ ಕೂರುತ್ತಿದ್ದೆವು. ಫೆಬ್ರವರಿಯಲ್ಲಿ ಅತ್ತೆಗೆ ಎರಡೂ ಮಂಡಿ ಆಪರೇಷನ್ ಆಯಿತು. ಇನ್ನು ನೆಲಕ್ಕೆ ಕೂರುವ ಹಾಗಿಲ್ಲ. ಯುಗಾದಿಗೆ ನಾವೆಲ್ಲ ಪಂಕ್ತಿಯಲ್ಲಿ ಕೂತೆವು. ಅವರೊಬ್ಬರೇ ಡೈನಿಂಗ್ ಟೇಬಲ್ ಮೇಲೆ ತಟ್ಟೆ ಇಟ್ಟುಕೊಂಡು ಊಟ ಮಾಡಿದರು. ಏನೂ ಹೇಳಲಿಲ್ಲ. ನನಗೆ ಅವತ್ತು ಹೋಳಿಗೆ ಗಂಟಲಲ್ಲಿ ಇಳಿಯಲಿಲ್ಲ.

ಹಾಗಾಗಿ ಈ ಸಲ ಎಲ್ಲರಿಗೂ ಟೇಬಲ್ ಮೇಲೇ ಎಲೆ. ನೆಲದ ಮೇಲಿನ ಪಂಕ್ತಿಗೆ ಇರುವ ಕಳೆ ಟೇಬಲ್‌ಗೂ ಬರಬೇಕು, ಅಷ್ಟೇ ನನ್ನ ಆಸೆ. ಈಗ ಪಿತೃಪಕ್ಷ ನಡೆಯುತ್ತಿದೆ, ನಮ್ಮಲ್ಲಿ ಹೊಸದೇನೂ ಕೊಳ್ಳುವುದಿಲ್ಲ. 21ಕ್ಕೆ ಮಹಾಲಯ ಅಮಾವಾಸ್ಯೆ ಕಳೆಯಲಿ. ಅಲ್ಲಿವರೆಗೆ ಅಳತೆ ಮಾತ್ರ.

ಟೇಬಲ್ 6 ಅಡಿ ಉದ್ದ, 3 ಅಡಿ ಅಗಲ. ಒಬ್ಬರಿಗೆ 2 ಅಡಿ ಜಾಗ ಬೇಕೇ ಬೇಕು.

ಸೆಪ್ಟೆಂಬರ್ 24

ಅಮ್ಮ ಬಾಗಲಕೋಟೆ ಕಡೆಯವರು. ಅವರ ಒಂದು ಹಳೆ ಇಳಕಲ್ ಸೀರೆ ನನ್ನ ಹತ್ತಿರ ಇದೆ. ಮೈಯೆಲ್ಲ ನವೆದು ಹೋಗಿದೆ, ಆದರೆ ದಡಿ ಮತ್ತು ಸೆರಗು ಗಟ್ಟಿ. ಕೆಂಪು ಸೆರಗಿನ ಮೇಲೆ ಬಿಳಿ ತೆನೆಗಳು ಇವತ್ತಿಗೂ ಎದ್ದು ಕಾಣುತ್ತವೆ. ಅದರಿಂದ ಟೇಬಲ್ ನಡುವಿಗೆ 14 ಇಂಚು ಅಗಲದ ಪಟ್ಟಿ ಹೊಲಿಸಬೇಕು ಅಂತ ಗುರುತು ಹಾಕಿಕೊಂಡೆ. ಕತ್ತರಿ ಹಾಕುವ ಮುಂಚೆ ಸುಮ್ನೆ ಎರಡು ಬಾಳೆಎಲೆ ತಂದು ಎದುರುಬದುರು ಹಾಸಿ ನೋಡಿದೆ. ಒಳ್ಳೆಯದೇ ಆಯಿತು.

ಊಟದ ಎಲೆ ಸುಮಾರು 20 ಇಂಚು ಉದ್ದ, 13 ಇಂಚು ಅಗಲ ಇತ್ತು. ಎದುರುಬದುರು ಹಾಕಿದರೆ ಎಲೆಗಳೇ 26 ಇಂಚು ನುಂಗುತ್ತವೆ. 36ರಲ್ಲಿ ಉಳಿಯುವುದು 10. ಅದರಲ್ಲೇ ಹೂವು, ದೀಪ, ನೀರಿನ ಲೋಟ, ಎಲ್ಲವೂ ಕೂರಬೇಕು. ಮೊಬೈಲ್‌ನಲ್ಲಿ ನೋಡಿ ಇಟ್ಟುಕೊಂಡಿದ್ದ ಚಿತ್ರಗಳೆಲ್ಲ ತಟ್ಟೆಯ ಲೆಕ್ಕದವು. ಎಲೆ ತಟ್ಟೆಗಿಂತ ಜಾಸ್ತಿ ಜಾಗ ಕೇಳುತ್ತದೆ. ಸೀರೆಗೆ ಕತ್ತರಿ ಹಾಕದೆ ಮಡಚಿಟ್ಟೆ.

ಸೆಪ್ಟೆಂಬರ್ 27

ಚನ್ನಪಟ್ಟಣದಿಂದ ತಂದ ಮರದ ಬಿಲ್ಲೆಗಳು ಹಳದಿ, ಕೆಂಪು, ಹಸಿರು ಬಣ್ಣದಲ್ಲಿ ತುಂಬಾ ಚೆನ್ನಾಗಿವೆ. ತುಪ್ಪದ ಗಿಂಡಿಯ ಕೆಳಗೆ ಇಡೋಣ ಅಂದುಕೊಂಡಿದ್ದೆ. ಆಗ ತಾನೇ ಒಲೆಯಿಂದ ಇಳಿಸಿದ ಗಿಂಡಿ ಇಟ್ಟು ನೋಡಿದರೆ ತಳಕ್ಕೆ ಬಿಲ್ಲೆ ಅಂಟಿಕೊಂಡಿತು. ಎತ್ತಿದಾಗ ಬಣ್ಣದ ಮೇಲೆ ಗುಂಡನೆಯ ಗುರುತು.

ತಪ್ಪು ಬಿಲ್ಲೆಯದಲ್ಲ. ಹಾಲೆ ಮರವನ್ನು ತಿರುಗಣಿಯಲ್ಲಿ ಕಡೆಯುತ್ತಾ ಅದಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿ ಹಿಡಿಯುತ್ತಾರೆ. ತಿಕ್ಕಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ಬಿಸಿಗೆ ಕರಗಿ ಹತ್ತಿದ್ದು ಮತ್ತೆ ಬಿಸಿ ತಾಗಿದರೆ ಕರಗಲೇಬೇಕು ಅಲ್ವಾ. ಇನ್ನು ಅವು ತಣ್ಣೀರಿನ ಲೋಟದ ಕೆಳಗೆ ಮಾತ್ರ.

ಅಕ್ಟೋಬರ್ 5

ಇವತ್ತು ನಿಜವಾದ ಪರೀಕ್ಷೆ. ಪಕ್ಕದ ಮನೆ ಆಂಟಿ, ಅಂಕಲ್ ಇಬ್ಬರನ್ನೂ ಊಟಕ್ಕೆ ಕರೆದೆ. ಟೇಬಲ್‌ನ ಎರಡೂ ಕಡೆ ಮೂರು ಮೂರು ಎಲೆ. ನಡುವೆ ಚೆಂಡು ಹೂವಿನ ಸಾಲು, ಎರಡು ಪುಟ್ಟ ಹಿತ್ತಾಳೆ ದೀಪ. ನೋಡುವುದಕ್ಕೆ ಕಣ್ಣು ತುಂಬುವ ಹಾಗಿತ್ತು.

ಬಡಿಸಲು ಹೋದಾಗ ಗೊತ್ತಾಯಿತು. ನೆಲದ ಪಂಕ್ತಿಯಲ್ಲಿ ಬಡಿಸುವವರು ಎಲೆಯ ಮುಂದುಗಡೆ ಬರುತ್ತಾರೆ. ಉಣ್ಣುವವರ ಮುಖ ನೋಡಿ, ‘ಇನ್ನೊಂಚೂರು ಹಾಕಲಾ?’ ಅಂತ ಕೇಳಿ ಬಡಿಸುತ್ತಾರೆ. ಇಲ್ಲಿ ನಾನು ಬೆನ್ನ ಹಿಂದೆ ನಿಂತು, ಭುಜದ ಮೇಲಿಂದ ಕೈ ಚಾಚಿ ಬಡಿಸಬೇಕಾಯಿತು. ಆಂಟಿ ಪ್ರತಿ ಸಲ ಪಕ್ಕಕ್ಕೆ ವಾಲುತ್ತಿದ್ದರು. ಸೌಟಿನಿಂದ ಸಾರು ಅಂಕಲ್ ತೋಳಿನ ಮೇಲೆ ಬಿತ್ತು. ಅವರು ನಕ್ಕು ‘ಪರವಾಗಿಲ್ಲಮ್ಮ’ ಅಂದರು, ನನಗೆ ತಲೆ ಎತ್ತಲಾಗಲಿಲ್ಲ.

ಇನ್ನೆರಡು ತೊಂದರೆಗಳೂ ಕಂಡವು. ನುಣುಪು ಮರದ ಮೇಲೆ ಎಲೆ ಜಾರುತ್ತದೆ. ಫ್ಯಾನ್ ಹಾಕಿದರೆ ಅದರ ಅಂಚು ಏಳುತ್ತದೆ, ನಿಲ್ಲಿಸಿದರೆ ಸೆಕೆ. ಮತ್ತೆ, ಹೂವಿನ ನಡುವೆ ಇಟ್ಟಿದ್ದ ಸುಗಂಧರಾಜ. ಅತ್ತೆ ಒಂದೇ ಮಾತು ಹೇಳಿದರು: ‘ಆ ಹೂವು ದೇವರ ಮುಂದೆ ಇಡಮ್ಮ. ತಿಳಿಸಾರಿನ ಇಂಗಿನ ಘಮವೇ ಗೊತ್ತಾಗ್ತಿಲ್ಲ.’ ನೂರಕ್ಕೆ ನೂರು ನಿಜ. ಎಲೆಯ ಹತ್ತಿರ ಘಾಟು ವಾಸನೆಯ ಹೂವು ಬೇಡ. ಅಗರಬತ್ತಿಯೂ ಬೇಡ.

ಅಕ್ಟೋಬರ್ 7

ಎರಡು ದಿನ ಇದೇ ಯೋಚನೆ. ಕಲ್ಯಾಣ ಮಂಟಪಗಳಲ್ಲಿ ಟೇಬಲ್ ಸಾಲಿನ ಒಂದೇ ಕಡೆ ಜನ ಕೂರುತ್ತಾರೆ, ಇನ್ನೊಂದು ಕಡೆ ಬಡಿಸುವವರ ದಾರಿ. ಎಷ್ಟೋ ಮದುವೆಯಲ್ಲಿ ಹಾಗೆ ಕೂತು ಉಂಡಿದ್ದೇನೆ, ಅದು ಯಾಕೆ ಹಾಗೆ ಅಂತ ಈಗ ಅರ್ಥವಾಯಿತು. ಬಡಿಸುವ ನಾಲ್ವರನ್ನು ಬಿಟ್ಟು ಉಳಿದ ಒಂಬತ್ತು ಜನಕ್ಕೆ ಒಂದೇ ಸಾಲು ಅಂದರೆ 18 ಅಡಿ. ನಮ್ಮ ಹಾಲ್‌ನಲ್ಲಿ ಅಷ್ಟು ಉದ್ದ ಇಲ್ಲ.

ಮಗಳು ಕಾಗದದ ಮೇಲೆ ಒಂದು ‘ಪ’ ಬರೆದು ತೋರಿಸಿದಳು. ನಡುವೆ ನಮ್ಮ ಟೇಬಲ್, ಎರಡು ತುದಿಗೆ ಮಡಚುವ ಟೇಬಲ್ ಒಂದೊಂದು. ಎಲ್ಲರೂ ಹೊರಗಡೆ ಕೂರುವುದು. ಬಡಿಸುವವರು ಒಳಗಡೆ ಓಡಾಡುವುದು. ಮೂರು ಮೂರಲ ಒಂಬತ್ತು. ನಾನು, ನಮ್ಮವರು, ನಾದಿನಿ, ಮಗಳು, ನಾಲ್ಕು ಜನ ಬಡಿಸುವುದಕ್ಕೆ. ಲೆಕ್ಕ ಸರಿಹೋಯಿತು!

ಸೋಫಾ ಒಳಕೋಣೆಗೆ ಹೋಗಬೇಕು. ಹೋಗಲಿ.

ಅಕ್ಟೋಬರ್ 12

ಮಡಚುವ ಟೇಬಲ್‌ಗಳು ಬಂದವು. 6 ಅಡಿ ಉದ್ದ, 2 ಅಡಿ ಅಗಲ. ನಮ್ಮ ಟೇಬಲ್‌ಗಿಂತ ಒಂದು ಇಂಚು ಕುಳ್ಳು. ಮೂಲೆಯಲ್ಲಿ ಹೂವಿನ ಮಾಲೆ ಇಳಿಬಿಟ್ಟರೆ ಕಾಣುವುದಿಲ್ಲ.

ಮೇಲೆ ಹಾಸುವುದಕ್ಕೆ ಅಂಚಿನ ಬಿಳಿ ಪಂಚೆ ಹಾಸಿದೆ. ಹತ್ತಿ ಬಟ್ಟೆಯ ಮೇಲೆ ಎಲೆ ಜಾರುವುದಿಲ್ಲ. ಜೊತೆಗೆ ಮುಂದುಗಡೆ ಇಳಿಬಿದ್ದ ಹಸಿರು ಅಂಚು ಎಷ್ಟು ಲಕ್ಷಣವಾಗಿ ಕಾಣುತ್ತದೆ ಅಂದರೆ, ಬೇರೆ ಟೇಬಲ್ ಬಟ್ಟೆ ಯಾಕೆ ಬೇಕು ಅನ್ನಿಸಿತು. ಇಳಕಲ್ ದಡಿಯನ್ನು ಬಿಡಿಸಿ ನಡುವಿನ ಟೇಬಲ್‌ನ ಮುಂಭಾಗಕ್ಕೆ ಗುಂಡುಸೂಜಿಯಲ್ಲಿ ಸಿಕ್ಕಿಸಿದೆ. ಸಾರು ಚೆಲ್ಲುವ ಜಾಗದಿಂದ ಅದು ದೂರ. ಸೆರಗನ್ನು ಅತ್ತೆ ಕೂರುವ ಕುರ್ಚಿಗೆ ಹಾಕುತ್ತೇನೆ. ಅವರಿಗೆ ಟೇಬಲ್ ಸ್ವಲ್ಪ ಎತ್ತರ, ಕುರ್ಚಿಯ ಮೇಲೆ ದಿಂಬೂ ಬೇಕು.

ಆಮೇಲೆ ಕಣ್ಣಿಗೆ ಬಿದ್ದದ್ದು ‘ಪ’ದ ಒಳಗಿನ ನೆಲ. ನಮ್ಮದು ಹಳೆ ಮನೆ, ಕೆಂಪು ರೆಡ್ ಆಕ್ಸೈಡ್ ನೆಲ. ಎದುರಿಗೇ ಖಾಲಿ ಇದೆ. ಒಂಬತ್ತು ಜನಕ್ಕೂ ಕಾಣುತ್ತದೆ. ಟೇಬಲ್ ಮೇಲೆ ರಂಗೋಲಿ ಪುಡಿ ಹಾಕುವ ಹಾಗಿಲ್ಲ, ಅದು ಕಲ್ಲಿನ ಪುಡಿ, ಅನ್ನಕ್ಕೆ ಬಿದ್ದರೆ ಕಷ್ಟ. ಆದರೆ ನೆಲಕ್ಕೆ ಹಾಕಬಹುದಲ್ಲ! ನಮ್ಮ ಅಲಂಕಾರವೆಲ್ಲ ನೆಲಕ್ಕೇ ಇಳಿಯಲಿ ಅಂತ ಅವತ್ತೇ ತೀರ್ಮಾನಿಸಿದೆ.

ಅಕ್ಟೋಬರ್ 20

ನರಕ ಚತುರ್ದಶಿ. ಎಣ್ಣೆ ಸ್ನಾನ, ತಿಂಡಿ, ಪಟಾಕಿ. ಟೇಬಲ್ ಕೆಲಸ ಏನೂ ಇಲ್ಲ.

ಅಕ್ಟೋಬರ್ 21

ಬೆಳಿಗ್ಗೆ ದೇವರಾಜ ಮಾರ್ಕೆಟ್‌ಗೆ ಹೋಗಿ ಬಂದೆ. ಬಿಡಿ ಚೆಂಡು ಹೂವು, ಹಳದಿ ಸೇವಂತಿಗೆ ನಾಲ್ಕು ಮಾರು, ಮಾವಿನ ಸೊಪ್ಪು, ಎಲೆಯ ಕಟ್ಟು. ಎಲೆ ಕೊಳ್ಳುವಾಗ ಕಟ್ಟು ಬಿಚ್ಚಿಸಿ ನೋಡಬೇಕು. ಒಳಗೆ ಸೀಳಿದವು ಇದ್ದರೆ ಸಾರು ಸೋರಿ ಪಂಚೆ ಹಾಳು. ನಮಗೆ 13 ಸಾಕಿತ್ತು, 18 ತಂದೆ.

ಸೇವಂತಿಗೆ ಮಾಲೆಯನ್ನು ಬಾಳೆಎಲೆಯಲ್ಲಿ ಸುತ್ತಿ, ಮೇಲೆ ಒದ್ದೆ ಬಟ್ಟೆ ಹೊದಿಸಿ ತಂಪಾದ ಮೂಲೆಯಲ್ಲಿಟ್ಟೆ. ಚೆಂಡು ಹೂವನ್ನು ರಾತ್ರಿ ನಾದಿನಿ ಮತ್ತು ನಾನು ಸೂಜಿಯಲ್ಲಿ ಪೋಣಿಸಿದೆವು. ಅತ್ತೆ ಕುರ್ಚಿಯಲ್ಲಿ ಕೂತು ತೊಟ್ಟು ಬಿಡಿಸಿಕೊಟ್ಟರು. ಮಾವಿನ ಸೊಪ್ಪು ಮಾತ್ರ ಬೆಳಿಗ್ಗೆಯೇ ಕಟ್ಟಬೇಕು, ಮೊದಲೇ ಕಟ್ಟಿದರೆ ಸುರುಟಿಕೊಳ್ಳುತ್ತದೆ.

ಅಕ್ಟೋಬರ್ 22, ಬಲಿಪಾಡ್ಯಮಿ

ಮಗಳು ಐದೂವರೆಗೆ ಎದ್ದು ರಂಗೋಲಿ ಶುರು ಮಾಡಿದಳು. 15 ಚುಕ್ಕಿ, 8ರವರೆಗೆ ನಡುಚುಕ್ಕಿ. ಎರಡು ಇಂಚಿಗೊಂದು ಚುಕ್ಕಿ ಇಟ್ಟರೆ 28 ಇಂಚು. ಒಳಗೆ 6 ಅಡಿ ಜಾಗ, ಆದ್ದರಿಂದ ಎರಡೂ ಕಡೆ 22 ಇಂಚು ಓಡಾಡುವುದಕ್ಕೆ ಉಳಿಯಿತು. ಪುಡಿ ಬಿಟ್ಟು ಅಕ್ಕಿಹಿಟ್ಟನ್ನು ನೀರಲ್ಲಿ ಕಲಸಿ ಬೆರಳಲ್ಲಿ ಎಳೆದಳು. ಫ್ಯಾನ್ ಗಾಳಿಗೆ ಹಾರುವುದಿಲ್ಲ. ಒಣಗುತ್ತಾ ಒಣಗುತ್ತಾ ಬೆಳ್ಳಗಾಯಿತು, ಕೆಂಪು ನೆಲದ ಮೇಲೆ ಹಾಲು ಚೆಲ್ಲಿದ ಹಾಗೆ.

ನಡುವೆ ಹಿತ್ತಾಳೆ ಉರುಳಿ. ನೀರು ತುಂಬಿಸಿ, ಹೂವಿನ ದಳ ಹರಡಿ, ಐದು ತೇಲುವ ದೀಪ ಬಿಟ್ಟೆವು. ನೆಲದ ಮೇಲೆ ಬಿಡಿ ಹಣತೆ ಇಡಬೇಕು ಅಂತ ಆಸೆಯಿತ್ತು. ಬಡಿಸುವವರ ಸೆರಗು, ಪಂಚೆ ನೆನೆಸಿಕೊಂಡು ಬಿಟ್ಟೆ. ಟೇಬಲ್‌ಗಳ ಮುಂಭಾಗಕ್ಕೆ ಮಾವಿನ ತೋರಣ. ಟೇಬಲ್ ಮೇಲೆ ಎಲೆ, ಲೋಟ, ಅದರ ಕೆಳಗೆ ಚನ್ನಪಟ್ಟಣದ ಬಿಲ್ಲೆ. ಬೇರೇನೂ ಇಡಲಿಲ್ಲ. ತುದಿ ಎಡಕ್ಕೆ ಬರುವ ಹಾಗೆ ಎಲೆ ಹಾಕಿ, ಉಪ್ಪು, ಕೋಸಂಬರಿ, ಎರಡು ಪಲ್ಯ, ಚಿತ್ರಾನ್ನ ಬಡಿಸಿದ ಮೇಲೆ ಹಸಿರಿನ ಮೇಲಿನ ಆ ಬಣ್ಣಗಳಿಗಿಂತ ಚೆಂದದ್ದು ಇನ್ನೇನು ಬೇಕು?

ಅತ್ತೆಯನ್ನು ನಡುವಿನ ಟೇಬಲ್‌ನ ನಡುವಿನ ಕುರ್ಚಿಯಲ್ಲಿ ಕೂರಿಸಿದೆವು. ಅವರು ಊಟ ಶುರು ಮಾಡದೆ ರಂಗೋಲಿಯನ್ನೇ ನೋಡುತ್ತಾ ಕೂತರು. ‘ಮಣೆ ಮೇಲೆ ಕೂತರೆ ಪಕ್ಕದವರ ಎಲೆ ಕಾಣ್ತಿತ್ತು ಅಷ್ಟೇ. ಇಲ್ಲಿ ಎಲ್ಲರ ಮುಖವೂ ಕಾಣತ್ತೆ’ ಅಂದರು. ಸಾರಿಗೆ ಅನ್ನದ ಕಟ್ಟೆ ಕಟ್ಟುವುದನ್ನು ಮೊಮ್ಮಕ್ಕಳಿಗೆ ಹೇಳಿಕೊಟ್ಟರು. ಯಾರ ಮಡಿಲಿಗೂ ಸಾರು ಬೀಳಲಿಲ್ಲ.

ಎರಡನೇ ಪಂಕ್ತಿಗೆ ನಾವು ನಾಲ್ವರು ಕೂತೆವು. ಅತ್ತೆ ಎದುರಿಗೆ ಕುರ್ಚಿ ಹಾಕಿಸಿಕೊಂಡು, ಒಬ್ಬೊಬ್ಬರ ಎಲೆಯನ್ನೂ ನೋಡಿ, ‘ಅವಳಿಗೆ ಇನ್ನೊಂದು ಹೋಳಿಗೆ ಹಾಕೋ’ ಅಂತ ಭಾವನಿಗೆ ಹೇಳುತ್ತಿದ್ದರು. ಮೂರು ಹೋಳಿಗೆ ತಿಂದೆ.

ಅಕ್ಟೋಬರ್ 26

ಪಂಚೆಗಳನ್ನು ಒಗೆದೆ. ಎರಡು ಕಡೆ ಅರಿಶಿನದ ಕಲೆ. ಸೋಪು ತಾಗಿದ ಕೂಡಲೇ ಕಲೆ ಕೆಂಪಗಾಯಿತು. ಅದಕ್ಕೆ ಹೆದರಬೇಕಿಲ್ಲ, ಅರಿಶಿನದ ಗುಣವೇ ಹಾಗೆ. ಚೆನ್ನಾಗಿ ಜಾಲಿಸಿ ಬಿಸಿಲಿಗೆ ಹರಡಿದರೆ ಮಾಸುತ್ತಾ ಹೋಗುತ್ತದೆ. ಇಳಕಲ್ ದಡಿಯನ್ನು ಸುರುಳಿ ಸುತ್ತಿ ಬೀರುವಿನಲ್ಲಿಟ್ಟೆ. ಮಡಚುವ ಟೇಬಲ್ ವಾಪಸ್ ಹೋದವು, ಸೋಫಾ ಹಾಲ್‌ಗೆ ಬಂತು. ರಂಗೋಲಿ ಅರ್ಧ ಅಳಿಸಿದೆ. ಒರೆಸುವುದು ಬೇಡ, ತಾನಾಗಿ ಹೋಗಲಿ ಅಂದಿದ್ದಾರೆ ಅತ್ತೆ.